ಅಂಚೆಟ್ಟಿ ಹುಡುಗಿಯ ಮೂರನೇ ಕಿಡ್ನಿ

ಆ ಹುಡುಗಿ ಮೊದಲ ದಿನ ನಮ್ಮ ಸ್ಕ್ಯಾನ್ ಸೆಂಟರಿನ ಕುರ್ಚಿಯಲ್ಲಿ ಕೂರಲಿಲ್ಲ. ಎರಡು ಸಲ ಹೇಳಿ ನೋಡಿದೆ. ಗೋಡೆಗೆ ಬೆನ್ನು ಒತ್ತಿಕೊಂಡು, ಲಂಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತೇ ಇದ್ದಳು.

"ಬ್ಯಾಡ ಬುಡಮ್ಮ, ನಿಂತ್ಕಂತಾಳೆ. ಕುಂತ್ರೆ ನಿಮ್ ಕುರ್ಚಿ ನೆಂದೋಯ್ತದೆ" ಎಂದರು ಜೊತೆಗಿದ್ದ ಅಜ್ಜಿ.

ಎರಡು ಸಾವಿರದ ಎಂಟನೇ ಇಸವಿಯ ಮಾತು. ಹೊಸೂರಿನ ಒಂದು ಖಾಸಗಿ ಸೆಂಟರಿನಲ್ಲಿ ನಾನು ಎಂಆರ್‌ಐ ಟೆಕ್ನಿಷಿಯನ್ ಆಗಿದ್ದೆ. ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಕಾರ್ಖಾನೆಯ ಕೆಲಸಗಾರರು. ಸೊಂಟ, ಕುತ್ತಿಗೆ, ಮಂಡಿ, ಇಷ್ಟೇ. ಮಕ್ಕಳ ಕಿಡ್ನಿಯನ್ನು ಎಂಆರ್‌ಐಯಲ್ಲಿ ನೋಡುವುದು, ಅದರಲ್ಲೂ ಅದು ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವುದು ನಮಗೆ ಹೊಸದು. ನಮ್ಮ ರೇಡಿಯಾಲಜಿಸ್ಟ್ ಡಾಕ್ಟರು ಅದನ್ನು ಕಲಿತು ಬಂದು ನನಗೂ ಹೇಳಿಕೊಟ್ಟಿದ್ದರು. ಅಲ್ಲಿಯವರೆಗೆ ಮಾಡಿದ್ದು ಬೆರಳೆಣಿಕೆಯಷ್ಟು.

ಹುಡುಗಿಗೆ ಏಳು ವರ್ಷ. ಅಂಚೆಟ್ಟಿಯಿಂದಲೂ ಆಚೆ, ಕಾಡಿನ ಅಂಚಿನ ಹಳ್ಳಿಯವಳು. ಬೆಂಗಳೂರಿನ ಮಕ್ಕಳ ಸರ್ಜನ್ ಒಬ್ಬರು ಬರೆದುಕೊಟ್ಟ ಚೀಟಿಯನ್ನು ಜೊತೆಗೆ ಬಂದಿದ್ದ ಅವಳ ಅಪ್ಪ ಜೇಬಿನಿಂದ ತೆಗೆದು ಕೊಟ್ಟ. ಹುಡುಗಿ ಎಲ್ಲರಂತೆ ಸರಿಯಾಗಿಯೇ ಮೂತ್ರಕ್ಕೆ ಹೋಗುತ್ತಾಳೆ. ಆದರೂ ದಿನವಿಡೀ ಹನಿಯುತ್ತಲೇ ಇರುತ್ತದೆ, ಬಟ್ಟೆ ಒಣಗುವುದೇ ಇಲ್ಲ ಎಂದು ಅದರಲ್ಲಿತ್ತು. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಕೊಡುವ ಮಾತ್ರೆಯನ್ನು ಇಬ್ಬರು ಡಾಕ್ಟರು ಕೊಟ್ಟು ನೋಡಿದ್ದರು. ಅಲ್ಟ್ರಾಸೌಂಡ್ ಮಾಡಿದವರು ಎಲ್ಲ ಸರಿಯಿದೆ ಎಂದು ಬರೆದಿದ್ದರು. ಸರ್ಜನ್‌ಗೆ ಮಾತ್ರ ಅನುಮಾನ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಒಂದು ಬದಿಯ ಕಿಡ್ನಿ ಮೇಲೊಂದು ಕೆಳಗೊಂದು ಎಂದು ಎರಡು ಭಾಗವಾಗಿ, ಎರಡಕ್ಕೂ ಬೇರೆ ಬೇರೆ ಮೂತ್ರನಾಳ ಬಂದಿರುತ್ತದೆ. ಮೇಲ್ಭಾಗದ ನಾಳ ದಾರಿ ತಪ್ಪಿ, ಮೂತ್ರಕೋಶ ಸೇರದೆ, ಅದನ್ನು ದಾಟಿ ಕೆಳಗೆ ಎಲ್ಲೋ ತೆರೆದುಕೊಂಡರೆ ಅದರಲ್ಲಿ ಬರುವುದನ್ನು ಹಿಡಿದಿಡಲು ಯಾವ ಬಿಗಿಯೂ ಇರುವುದಿಲ್ಲ. ಅಂಥ ಭಾಗ ಇದೆಯೇ, ಇದ್ದರೆ ಅದು ಎಷ್ಟು ಕೆಲಸ ಮಾಡುತ್ತಿದೆ, ಎರಡನ್ನೂ ಹೇಳಿ ಎಂದು ಸರ್ಜನ್ ಕೇಳಿದ್ದರು. ಕೆಲಸ ಮಾಡದಿದ್ದರೆ ಆ ಭಾಗವನ್ನು ತೆಗೆದುಬಿಡುವುದು. ಮಾಡುತ್ತಿದ್ದರೆ ಉಳಿಸಿಕೊಂಡು, ಅದರ ನಾಳವನ್ನು ಮಾತ್ರ ಸರಿಯಾದ ದಾರಿಗೆ ಸೇರಿಸುವುದು.

ಗೌನು ತೊಡಿಸಲು ಹುಡುಗಿಯನ್ನೂ ಅಜ್ಜಿಯನ್ನೂ ಒಳಗೆ ಕರೆದುಕೊಂಡು ಹೋದೆ. ಎಡ ತೊಡೆಯ ಮೇಲೆ ಎರಡು ಬರೆ. ಹಳೆಯದಲ್ಲ.

"ಏನು ಪುಟ್ಟಿ ಇದು?"

ಅವಳು ಅಜ್ಜಿಯ ಮುಖ ನೋಡಿದಳು. ಅಜ್ಜಿ ಗೋಡೆ ನೋಡಿದರು. ನಾನು ಮತ್ತೆ ಕೇಳಲಿಲ್ಲ, ಆದರೆ ಆ ಹೆಂಗಸಿನ ಮೇಲೆ ನನಗೆ ಆಗಲೇ ಒಂದು ಬಗೆಯ ಅಸಹ್ಯ ಹುಟ್ಟಿತು. ಅವರು ಹೇಳುವುದನ್ನೆಲ್ಲ ಅರ್ಧ ನಂಬಿದರೆ ಸಾಕು ಎಂದುಕೊಂಡೆ. ಅವರೂ ನನ್ನನ್ನು ಹಾಗೆಯೇ ನೋಡುತ್ತಿದ್ದರು. ಸೂಜಿ ಯಾಕೆ, ಬಾಟಲಿಯಲ್ಲಿ ಏನಿದೆ, ಬಾಗಿಲು ಯಾಕೆ ಇಷ್ಟು ದಪ್ಪ, ಒಳಗೆ ಹೋದರೆ ಮಗು ಕೂಗಿದ್ದು ಹೊರಗೆ ಕೇಳಿಸುತ್ತದೋ ಇಲ್ಲವೋ, ಒಂದೊಂದನ್ನೂ ಕೇಳಿದರು. ಆ ವರ್ಷ ಹಳ್ಳಿಗಳಲ್ಲೆಲ್ಲ ಕಿಡ್ನಿ ಕದಿಯುವವರ ಮಾತು. ವ್ಯಾನಿನಲ್ಲಿ ಬರುತ್ತಾರಂತೆ, ಮಕ್ಕಳಿಗೆ ಮತ್ತು ಬರಿಸುತ್ತಾರಂತೆ, ಬೆಳಿಗ್ಗೆ ನೋಡಿದರೆ ಪಕ್ಕೆಯಲ್ಲಿ ಹೊಲಿಗೆ ಇರುತ್ತದಂತೆ. ಇದನ್ನೆಲ್ಲ ಕೇಳಿ ನಾವು ಸೆಂಟರಿನಲ್ಲಿ ನಗುತ್ತಿದ್ದೆವು.

ಈ ಪರೀಕ್ಷೆಯ ಕ್ರಮ ಹೀಗೆ. ಮಗುವಿಗೆ ಹಿಂದಿನ ದಿನದಿಂದಲೇ ಚೆನ್ನಾಗಿ ನೀರು ಕುಡಿಸಿರಬೇಕು. ಬಂದ ಮೇಲೆ ಕೈಗೆ ಸೂಜಿ ಹಾಕಿ ಸಲೈನ್ ಹನಿಸಬೇಕು. ಮೂತ್ರ ಹೆಚ್ಚಿಸುವ ಒಂದು ಇಂಜೆಕ್ಷನ್ ಕೊಡಬೇಕು. ಆಮೇಲೆ ಯಂತ್ರದೊಳಗೆ ಮಲಗಿಸಿ, ನೀರಿರುವ ಜಾಗವೆಲ್ಲ ಬೆಳ್ಳಗೆ ಕಾಣುವ ಚಿತ್ರಗಳನ್ನು ತೆಗೆಯುವುದು. ಕೊನೆಗೆ ಬಣ್ಣದ ಔಷಧಿಯನ್ನು ರಕ್ತಕ್ಕೆ ಬಿಟ್ಟು, ಅದು ಕಿಡ್ನಿಗೆ ಹೇಗೆ ಏರುತ್ತದೆ, ಹೇಗೆ ಇಳಿದುಹೋಗುತ್ತದೆ ಎಂದು ನಿಮಿಷ ನಿಮಿಷಕ್ಕೂ ಚಿತ್ರ ತೆಗೆಯುತ್ತಾ ಹೋಗುವುದು. ಹೆಸರಿಗೆ ಬಣ್ಣ, ಅದಕ್ಕೆ ಬಣ್ಣವೇನೂ ಇಲ್ಲ. ಚಿತ್ರದಲ್ಲಿ ಹೊಳೆಯುತ್ತದೆ ಅಷ್ಟೆ. ಆಮೇಲೆ ಕಂಪ್ಯೂಟರಿನಲ್ಲಿ ಕಿಡ್ನಿಯ ಒಂದೊಂದು ಭಾಗದ ಸುತ್ತ ಗೆರೆ ಎಳೆದರೆ, ಒಟ್ಟು ಕೆಲಸದಲ್ಲಿ ಯಾವ ಭಾಗದ ಪಾಲು ಎಷ್ಟು ಎಂದು ಲೆಕ್ಕ ಸಿಗುತ್ತದೆ.

ಸೂಜಿ ಹಾಕುವಾಗ ಹುಡುಗಿ ಅತ್ತಳು. ನರ ಸಿಕ್ಕಿದ್ದು ಮೂರನೇ ಸಲಕ್ಕೆ. ಸಲೈನ್ ಅರ್ಧವೂ ಇಳಿದಿರಲಿಲ್ಲ, ಹೊರಗೆ ಮೂರು ಜನ ಕಾಯುತ್ತಿದ್ದರು. ನಾನು ಬಾಟಲಿ ಕಳಚಿ ಅವಳನ್ನು ಒಳಗೆ ಮಲಗಿಸಿದೆ. ಈ ಪರೀಕ್ಷೆಗೆ ಬಂದ ಪ್ರತಿ ರೋಗಿಗೂ ನಾವು ಒಂದು ಹಾಳೆ ತುಂಬುತ್ತಿದ್ದೆವು. ಅದರಲ್ಲಿ 'ನೀರು ಕುಡಿಸಿದೆ', 'ಸಲೈನ್ ಪೂರ್ತಿ ಹೋಗಿದೆ' ಎಂಬ ಎರಡು ಚೌಕಗಳಿದ್ದವು. ಎರಡಕ್ಕೂ ಟಿಕ್ ಹಾಕಿದೆ. ನೀರು ಕುಡಿಸಿದ್ದೀರಾ ಎಂದು ಅಜ್ಜಿಯನ್ನು ಕೇಳಿದ್ದೆ, ಹೂಂ ಅಂದಿದ್ದರು.

ಹುಡುಗಿ ಅಲುಗಾಡದೆ ಮಲಗಿದಳು. ಅಷ್ಟು ಚಿಕ್ಕ ಮಗು ಆ ಸದ್ದಿನಲ್ಲಿ ಅಷ್ಟು ಹೊತ್ತು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಪರದೆಯ ಮೇಲೆ ಎಡ ಕಿಡ್ನಿಯ ನೆತ್ತಿಯಲ್ಲಿ, ಗುಬ್ಬಿಯ ಮೊಟ್ಟೆಯಷ್ಟು, ಬೇರೆಯಾಗಿ ನಿಂತ ಒಂದು ಭಾಗ ಕಾಣಿಸಿತು. ಅದರಿಂದ ಹೊರಟ ಸಣ್ಣ ಬಿಳಿ ಗೆರೆ ಅಂಕುಡೊಂಕಾಗಿ ಇಳಿದು, ಮೂತ್ರಕೋಶದ ಹಿಂದೆ ಹಾದು, ಕೆಳಗೆ ಹೋಗಿತ್ತು. ಡಾಕ್ಟರು ಕುರ್ಚಿಯಿಂದ ಎದ್ದು ನಿಂತು ನೋಡಿದರು.

"ಪಾರು, ಪಾರು! ಇದೇ ನೋಡಮ್ಮಾ. ಏಳು ವರ್ಷ ಆ ಮಗುವನ್ನ ಎಲ್ರೂ ಬೈದ್ರು" ಎಂದರು. ಅವರ ಮನೆಮಾತು ತಮಿಳು, ಪಾರು ಎಂದರೆ ನೋಡು. ಖುಷಿಯಾದಾಗ ಎರಡೂ ಬೆರೆಯುತ್ತಿತ್ತು.

ಕೆಲಸದ ಲೆಕ್ಕ ಮಾಡಿದಾಗ ಮೇಲಿನ ಭಾಗದ ಪಾಲು ನೂರಕ್ಕೆ ಎರಡು ಎಂದು ಬಂತು. ಇಲ್ಲ ಎನ್ನುವಷ್ಟೇ. 'ಮೇಲ್ಭಾಗ ಬಹುತೇಕ ಕೆಲಸ ಮಾಡುತ್ತಿಲ್ಲ' ಎಂದು ರಿಪೋರ್ಟು ಬರೆದು ಡಾಕ್ಟರು ಸಹಿ ಹಾಕಿದರು.

ಅಷ್ಟರಲ್ಲಿ ಹುಡುಗಿ ಬಟ್ಟೆ ಬದಲಿಸುವ ಕೋಣೆಯ ನಲ್ಲಿಗೆ ಬಾಯಿಟ್ಟು ಗಟಗಟ ನೀರು ಕುಡಿಯುತ್ತಿದ್ದಳು. ಅಜ್ಜಿ ಓಡಿಬಂದು ಅವಳ ಭುಜ ಹಿಡಿದು ಎಳೆದರು. "ಸಾಕು ಕಣಮ್ಮಿ, ಇನ್ನೂ ಬಸ್ಸಲ್ಲಿ ಕುಂತ್ಕಬೇಕು!" ನಾನು ಅದನ್ನು ನೋಡಿದೆ. ನೋಡಿಯೂ ಮುಂದಿನ ರೋಗಿಯನ್ನು ಕರೆದೆ.

ಹತ್ತು ದಿನದ ಮೇಲೆ ಅಪ್ಪ ಒಬ್ಬನೇ ಬಂದ. ಕೈಯಲ್ಲಿ ಸರ್ಜನ್ ಬರೆದ ಕಾಗದ, ನಮ್ಮ ಫಿಲ್ಮುಗಳು. ನಮ್ಮ ರಿಪೋರ್ಟಿನ ಪ್ರಕಾರ ಆ ಭಾಗವನ್ನು ತೆಗೆದುಬಿಡುವುದೆಂದು ತೀರ್ಮಾನವಾಗಿತ್ತು.

"ಮೇಡಮ್, ಇದ್ರಾಗೆ ಏನ್ ಬರ್ದವ್ರೆ, ನೀವೇ ಓದಿ ಹೇಳಿ" ಅಂದ. ಹೇಳಿದೆ. ನಿಮ್ಮ ಮಗಳಿಗೆ ಎರಡು ಕಿಡ್ನಿಯ ಜೊತೆಗೆ ಮೇಲೊಂದು ಸಣ್ಣದು ಹೆಚ್ಚಿಗೆ ಇದೆ, ಅದರಿಂದಲೇ ಒದ್ದೆಯಾಗುತ್ತಿರುವುದು, ಅದನ್ನು ತೆಗೆದರೆ ಸರಿಹೋಗುತ್ತದೆ ಎಂದೆ. ಸುಲಭವಾಗಲಿ ಎಂದು ಹಾಗೆ ಹೇಳಿದ್ದು. ಅವನು ಬಹಳ ಹೊತ್ತು ನನ್ನನ್ನೇ ನೋಡಿದ.

"ಅಂದ್ರೆ ಮೂರು ಐತೆ ಅಂತೀರಾ."

"ಒಂದು ರೀತಿಯಲ್ಲಿ ಹಾಗೇ."

"ಮೂರನೇದು ಯಾರ್ಗೆ ಬೇಕು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕಿಡ್ನಿ ಕಳ್ಳರ ಮಾತು ನೆನಪಾಯಿತು. ಅವನು ಕೂಗಾಡಲಿಲ್ಲ. "ಎಲ್ರಿಗೂ ಎರಡು ಇರ್ತದೆ, ನಮ್ ಮಗೀಗೆ ಮಾತ್ರ ಮೂರು. ನಿಮ್ ಮಿಷನ್ನೇ ಹೇಳ್ಬೇಕು ಅದನ್ನ. ಮೊದ್ಲು ಸ್ಕ್ಯಾನ್ ಮಾಡ್ದೋರು ಎರಡೇ ಅಂದಿದ್ರು" ಎಂದು ಫಿಲ್ಮುಗಳನ್ನು ಕವರಿಗೆ ತುರುಕಿಕೊಂಡು ಹೊರಟುಹೋದ. ಆಪರೇಷನ್ನಿಗೆ ಕೊಟ್ಟಿದ್ದ ದಿನ ಅವರು ಬೆಂಗಳೂರಿಗೆ ಹೋಗಲಿಲ್ಲ. ಸರ್ಜನ್ ಕಡೆಯಿಂದ ನಮಗೆ ಫೋನು ಬಂತು. ಹುಡುಗಿಯ ಮನೆಯವರು ಕೊಟ್ಟಿದ್ದ ನಂಬರಿಗೆ ಮಾಡಿದರೆ ಅಂಚೆಟ್ಟಿಯ ಒಂದು ಟೀ ಅಂಗಡಿಯವನು ಎತ್ತಿದ. ಅಂಥವರು ಯಾರೂ ನಮಗೆ ಗೊತ್ತಿಲ್ಲ ಎಂದ.

ಆ ದಿನ ಬೇಜಾರಿನಲ್ಲಿ ನಾನು ಅವಳ ಚಿತ್ರಗಳನ್ನು ಮತ್ತೆ ತೆರೆದೆ. ಅವನ ಪ್ರಶ್ನೆ ಎಲ್ಲೋ ಚುಚ್ಚುತ್ತಿತ್ತು. ನಾವು ಹೇಳಿದ್ದು ಸರಿ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು, ಅಷ್ಟೆ. ಮೇಲಿನ ಭಾಗದ ಸುತ್ತ ಮತ್ತೆ ಗೆರೆ ಎಳೆದೆ. ಮತ್ತೆ ಎರಡೇ ಬಂತು. ಆದರೆ ಗ್ರಾಫಿನ ಆಕಾರ ವಿಚಿತ್ರವಾಗಿತ್ತು. ಕೆಲಸ ಮಾಡದ ಭಾಗದಲ್ಲಿ ಔಷಧಿ ಏರುವುದೇ ಇಲ್ಲ. ಗೆರೆ ನೆಲ ಹಿಡಿದು ಸಾಗುತ್ತದೆ. ಇಲ್ಲಿ ಅದು ಸ್ವಲ್ಪ ಏರಿ, ತಟ್ಟನೆ ಕುಸಿದಿತ್ತು. ಚಿತ್ರ ನೋಡಿದರೆ ಆ ನಿಮಿಷದಲ್ಲಿ ಆ ಭಾಗದ ನಡುವೆ ಕಪ್ಪು.

ಬಲಗಡೆಯ ಕಿಡ್ನಿಯನ್ನು ನೋಡಿದೆ. ಅದು ಏನೂ ದೋಷವಿಲ್ಲದ, ಗಟ್ಟಿಮುಟ್ಟಾದ ಕಿಡ್ನಿ. ಅದರ ನಡುವೆಯೂ ಕಪ್ಪು.

ಆ ಔಷಧಿಯ ಗುಣ ಅದು. ಹದವಾಗಿ ನೀರಿನ ಜೊತೆ ಇದ್ದರೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮೈಯಲ್ಲಿ ನೀರಿಲ್ಲದೆ ಮೂತ್ರ ತೀರಾ ಗಟ್ಟಿಯಾದರೆ ಅದೇ ಔಷಧಿ ಕಪ್ಪಾಗುತ್ತದೆ, ಲೆಕ್ಕದಲ್ಲಿ ಇಲ್ಲವೆಂದೇ ತೋರುತ್ತದೆ. ಆದರೆ ಔಷಧಿಯನ್ನು ಅಷ್ಟು ಗಟ್ಟಿ ಮಾಡುವುದು ಜೀವವಿರುವ ಕಿಡ್ನಿ. ಸತ್ತ ಭಾಗಕ್ಕೆ ಅದು ಆಗದ ಕೆಲಸ. ಮೂತ್ರಕೋಶದ ಚಿತ್ರ ತೆಗೆದು ನೋಡಿದೆ. ಬೆರಳಿನಷ್ಟು ಮಡಚಿಕೊಂಡು ಖಾಲಿ ಬಿದ್ದಿತ್ತು. ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದ ಮಗು ಆಗ ನೆನಪಾಯಿತು.

ಹಾಳೆ ತೆಗೆದು ನೋಡಿದೆ. ನನ್ನದೇ ಕೈಯ ಎರಡು ಟಿಕ್.

ಒಂದು ದಿನವೆಲ್ಲ ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಬರುವುದೇ ಇಲ್ಲವಲ್ಲ, ಆಪರೇಷನ್ನೂ ಆಗುವುದಿಲ್ಲ ಎಂದೂ ಒಂದು ಮನಸ್ಸು ಹೇಳಿತು. ಆದರೆ ಎಂದಾದರೂ ಯಾರಾದರೂ ಒತ್ತಾಯ ಮಾಡಿ ಅವರನ್ನು ಬೆಂಗಳೂರಿಗೆ ಕಳಿಸಿದರೆ, ಆ ಸರ್ಜನ್ ಕೈಯಲ್ಲಿ ಇರುವುದು ನೂರಕ್ಕೆ ಎರಡು ಎಂಬ ನಮ್ಮ ಲೆಕ್ಕ. ಮರುದಿನ ಬೆಳಿಗ್ಗೆ ಡಾಕ್ಟರ ಮುಂದೆ ಆ ಹಾಳೆಯಿಟ್ಟು ಎಲ್ಲ ಹೇಳಿದೆ.

ಅವರು ಗ್ರಾಫ್ ನೋಡಲೇ ಇಲ್ಲ. ಟಿಕ್ಕನ್ನೇ ನೋಡಿದರು.

"ನೀನು ಹಾಕಿದ ಟಿಕ್ ಮೇಲೆ ನಾನು ಸಹಿ ಹಾಕ್ದೆ. ರಿಪೋರ್ಟ್ ಪೋಯಿಡುಚ್ಚು, ಹೋಗಾಯ್ತು. ಈಗ ಏನಂತ ಹೇಳ್ಲಿ ನಾನು ಅವ್ರಿಗೆ?"

"ಇದ್ದದ್ದು ಹೇಳಿ ಸಾರ್. ನನ್ನ ಹೆಸರು ಹೇಳಿ."

"ನಿನ್ನ ಹೆಸರು ಯಾರಿಗಮ್ಮಾ ಬೇಕು? ಸಹಿ ನಂದು."

ಡಾಕ್ಟರು ಮಧ್ಯಾಹ್ನ ತಾವೇ ಒಬ್ಬರೇ ಕೂತು ಚಿತ್ರಗಳನ್ನೆಲ್ಲ ನೋಡಿದರು. ಆಮೇಲೆ ನನ್ನ ಎದುರಿಗೇ ಸರ್ಜನ್‌ಗೆ ಫೋನು ಮಾಡಿ, ನಮ್ಮ ಲೆಕ್ಕವನ್ನು ನಂಬಬೇಡಿ, ಮಗುವಿನ ಮೈಯಲ್ಲಿ ನೀರಿರಲಿಲ್ಲ, ಪರೀಕ್ಷೆ ಮತ್ತೆ ಮಾಡಬೇಕು ಎಂದರು. ಆ ಕಡೆಯಿಂದ ಏನು ಬಂತೋ, ಇವರ ಕಿವಿ ಕೆಂಪಾಯಿತು. ಫೋನಿಟ್ಟು, "ಮಗು ಎಲ್ಲಿದೆ ಅಂತ ಹುಡುಕು. ನೀನೇ ಹೋಗು" ಎಂದರು.

ಅಂಚೆಟ್ಟಿ ಕಡೆಯ ಆರೋಗ್ಯ ಕೇಂದ್ರದ ನರ್ಸೊಬ್ಬರಿಗೆ ಆ ಹುಡುಗಿ ಗೊತ್ತಿತ್ತು. 'ನೆನೆಯೋ ಹುಡ್ಗಿ' ಎಂದರೆ ಸುತ್ತಲ ಹಳ್ಳಿಗೆಲ್ಲ ಗೊತ್ತು ಎಂದರು. ಒಂದು ಭಾನುವಾರ ಡೆಂಕಣಿಕೋಟೆ ದಾಟಿ ಅಂಚೆಟ್ಟಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನರ್ಸಿನ ಜೊತೆ ನಡೆದೆ. ಒಂದೂವರೆ ಗಂಟೆಯ ಗುಡ್ಡದ ದಾರಿ. ಹಳ್ಳಿ ಇನ್ನೂ ದೂರ ಇರುವಾಗಲೇ ದನ ಕಾಯುತ್ತಿದ್ದವನೊಬ್ಬ ನಮ್ಮನ್ನು ನೋಡಿ ಬೇರೆ ದಾರಿಯಲ್ಲಿ ಓಡಿದ. ನಾವು ತಲುಪುವ ಹೊತ್ತಿಗೆ ಏಳೆಂಟು ಗಂಡಸರು ದಾರಿಗೆ ಅಡ್ಡ ನಿಂತಿದ್ದರು.

"ಯಾರಮ್ಮ ಈವಮ್ಮ? ಕಿಡ್ನಿ ಆಸ್ಪತ್ರೆಯೋರಾ?" ಒಬ್ಬ ನರ್ಸನ್ನು ಕೇಳಿದ.

ನನ್ನ ಬ್ಯಾಗು ತೆಗೆಸಿ ನೋಡಿದರು. ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ, ಹುಡುಗಿಯ ಫಿಲ್ಮುಗಳ ಇನ್ನೊಂದು ಪ್ರತಿಯಿದ್ದ ಕವರು. ಆ ಕವರು ಕಂಡ ಕೂಡಲೇ ಅವರ ಮುಖ ಬಿಗಿಯಿತು. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ನಾವು ನಕ್ಕಿದ್ದ ಕತೆಗಳಲ್ಲಿ ಬರುವ ಹೆಂಗಸು ಈಗ ನಾನೇ ಆಗಿದ್ದೆ.

ಗುಂಪಿನ ಹಿಂದಿನಿಂದ ಹುಡುಗಿಯ ಅಪ್ಪ ಬಂದು ನಮ್ಮನ್ನು ಮನೆಯ ಮುಂದಕ್ಕೆ ಕರೆದುಕೊಂಡು ಹೋದ. ಒಳಕ್ಕೆ ಕರೆಯಲಿಲ್ಲ. ಅಜ್ಜಿ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದರು. ಹುಡುಗಿಯ ತಾಯಿ ಸೊಂಟದಲ್ಲಿ ಕೂಸು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಹುಡುಗಿ ಎಲ್ಲೂ ಕಾಣಲಿಲ್ಲ.

"ಅಜ್ಜಿ, ನಾನು ತಪ್ಪು ಮಾಡಿದೆ. ಅದನ್ನು ಹೇಳೋಕೆ ಬಂದೆ" ಎಂದೆ. ನೀರಿನ ವಿಷಯ, ಸಲೈನಿನ ವಿಷಯ ಎಲ್ಲ ಹೇಳಿದೆ. ಆ ಭಾಗ ಕೆಲಸ ಮಾಡುತ್ತಿಲ್ಲ ಎಂದು ನಾವು ಬರೆದದ್ದು ಸರಿಯೋ ತಪ್ಪೋ ನನಗೆ ಈಗ ಗೊತ್ತಿಲ್ಲ, ಮತ್ತೆ ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ, ಅದಕ್ಕೆ ಹಣ ಕೊಡುವುದು ಬೇಡ ಎಂದೆ.

ಅಜ್ಜಿ ಮೊರ ನಿಲ್ಲಿಸಿದರು. "ತಪ್ಪು ಮಾಡ್ದೋರು ಇಷ್ಟು ದೂರ ನಡ್ಕಂಡ್ ಬಂದು ಹೇಳ್ತಾರಾ? ಏನೋ ಐತೆ ಇದ್ರಾಗೆ. ನೀನೇನ್ಲಾ ಅಂತೀಯ?" ಎಂದು ಮಗನನ್ನು ಕೇಳಿದರು.

"ಕಾಸು ಬ್ಯಾಡ್ವಂತೆ ಅವ್ವ, ಬಿಟ್ಟಿ ಮಾಡ್ತಾರಂತೆ" ಎಂದ ಅವನು.

"ನೋಡ್ದಾ!" ಎಂದರು ಅಜ್ಜಿ. ಅದು ಅವರಿಗೆ ಇನ್ನೊಂದು ಸಾಕ್ಷಿ.

ನನಗೂ ಸಿಟ್ಟು ಬಂತು. "ನಾನು ಕಳ್ಳಿ ಅಂತ ಅಂದ್ಕೊಳ್ಳಿ. ಮಗುವಿನ ತೊಡೆ ಮೇಲೆ ಬರೆ ಹಾಕಿದ್ದು ಯಾರು ಅಂತ ನಾನು ಕೇಳಲಿಲ್ಲ" ಎಂದುಬಿಟ್ಟೆ. ಅನ್ನಬಾರದಿತ್ತು. ನರ್ಸು ನನ್ನ ಕೈ ಹಿಡಿದರು.

ಅಜ್ಜಿ ತಲೆ ತಗ್ಗಿಸಲಿಲ್ಲ. ನನ್ನನ್ನೇ ನೋಡುತ್ತಾ ಹೇಳಿದರು: "ನಾನೇ ಹಾಕಿದ್ದು. ಬೇಕೂಂತ ಮಾಡ್ತಾಳೆ ಅಂದ್ಕಂಡಿದ್ದೆ. ಇಸ್ಕೂಲಲ್ಲಿ ಬಾಗ್ಲತ್ರ ಕುಂಡ್ರುಸ್ತಿದ್ರು, ಆಮ್ಯಾಕೆ ಬರ್ಬೇಡಾಂದ್ರು. ಎಲ್ರೂ ಏನೇನೋ ಹೇಳುದ್ರು, ಬರೆ ಹಾಕುದ್ರೆ ನಿಂತೋಯ್ತದೆ ಅಂದ್ರು. ಹಾಕ್ದೆ. ನಿಲ್ಲಲಿಲ್ಲ. ಆವತ್ತು ನಿಮ್ ಆಸ್ಪತ್ರೆಗೆ ಬರೋ ಹಿಂದಿನ್ ದಿನದಿಂದ ನೀರೂ ಕೊಟ್ಟಿರ್ಲಿಲ್ಲ. ಬಸ್ಸಲ್ಲಿ ಜನ ಎಬ್ಬುಸ್ತಾರೆ ಕಣಮ್ಮ, ಸೀಟು ನೆಂದ್ರೆ. ದಾರೀಲಿ ಇಳಿಸ್ಬುಟ್ಟಿದ್ರು ಒಂದ್ ದಪ. ನೀನ್ ಕೇಳ್ದಾಗ ಹೂಂ ಅಂದೆ. ಇಲ್ಲಾಂದ್ರೆ ವಾಪಸ್ ಕಳುಸ್ತೀಯ ಅಂತ."

ಆಗ ಬಾಗಿಲಲ್ಲಿದ್ದ ತಾಯಿ ಮೊದಲ ಸಲ ಬಾಯಿ ಬಿಟ್ಟಳು. "ಅಕ್ಕ, ಈ ಸಲ ನೀರು ಕೊಡ್ಬೇಕಾ?"

"ಹೊಟ್ಟೆ ತುಂಬ ಕೊಡಬೇಕು. ಹಿಂದಿನ ದಿನ, ಅವತ್ತು ಬೆಳಿಗ್ಗೆ, ಕೇಳಿದಷ್ಟೂ. ನೀರಿಲ್ಲದೆ ಈ ಪರೀಕ್ಷೆ ಆಗೋದೇ ಇಲ್ಲ."

"ಅವ್ಳು ಎರಡು ವರ್ಷದಿಂದ ನೀರು ಕೇಳ್ತಾನೇ ಅವ್ಳೆ ಅತ್ತೆ" ಎಂದಳು ಅಜ್ಜಿಯ ಕಡೆ ತಿರುಗಿ. "ಒಂದಿನನಾದ್ರೂ ಕುಡೀಲಿ ಬುಡಿ."

ಮನೆಯ ಪಕ್ಕದ ರಾಗಿ ಹುಲ್ಲಿನ ಮೆದೆ ಅಲುಗಿತು. ಹುಡುಗಿ ಅದರ ಹಿಂದೆಯೇ ಅಡಗಿದ್ದಳು. ತಲೆಗೆಲ್ಲ ಹುಲ್ಲು ಅಂಟಿಸಿಕೊಂಡು ಹೊರಗೆ ಬಂದು ನಿಂತು, "ಎಷ್ಟು ಚೆಂಬು?" ಎಂದು ನನ್ನನ್ನು ಕೇಳಿದಳು.

ಅಜ್ಜಿ ಒಪ್ಪಿದರು, ಆದರೆ ಕರಾರು ಹಾಕಿದರು. ಮಗುವಿನ ಜೊತೆ ತಾನು ಒಳಗೇ ಇರುವುದು. ಮಗ ಬಾಗಿಲಲ್ಲಿ ನಿಲ್ಲುವುದು. ಪರದೆಯ ಮೇಲೆ ಕಂಡದ್ದನ್ನೆಲ್ಲ ತಮಗೆ ತೋರಿಸುವುದು. ಮತ್ತು ಬರುವಾಗ ಬಸ್ಸಲ್ಲ, ಬೇರೆ ಗಾಡಿ. ನರ್ಸಿನ ಪರಿಚಯದವರ ಜೀಪೊಂದು ಗೊತ್ತಾಯಿತು.

ಹೊಸ ರಕ್ತ ಪರೀಕ್ಷೆ ನೋಡಿ, ಔಷಧಿಯನ್ನು ಮತ್ತೊಮ್ಮೆ ಕೊಡಬಹುದೆಂದು ಡಾಕ್ಟರು ಖಾತ್ರಿ ಮಾಡಿಕೊಂಡರು. ಆ ಬೆಳಿಗ್ಗೆ ಬೇರೆ ಯಾರನ್ನೂ ಕರೆದಿರಲಿಲ್ಲ. ಅಜ್ಜಿಯ ಸೊಂಟದ ಬೀಗದ ಕೈ ಗೊಂಚಲು, ಕಾಲುಂಗುರ, ಮೂಗುಬೊಟ್ಟು ತೆಗೆಸಬೇಕಾಯಿತು. ಈ ಯಂತ್ರ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ಲೋಹ ಯಾವುದೂ ಒಳಗೆ ಬೇಡ ಎಂದರೆ, "ಒಡವೇನೂ ಬೇಕಾ ನಿಮಗೆ?" ಎಂದು ಒಂದೊಂದನ್ನೂ ಎಣಿಸಿ ಮಗನ ಟವೆಲಿಗೆ ಹಾಕಿದರು. ಹುಡುಗಿ ಜೀಪಿನಲ್ಲೇ ಒಂದು ಬಾಟಲಿ ಖಾಲಿ ಮಾಡಿದ್ದಳು. ಸಲೈನಿನ ಕೊನೆಯ ಹನಿ ಇಳಿಯುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಮಲಗಿದ ಹಾಸು ಒದ್ದೆಯಾಯಿತು. ಬೆಚ್ಚಿ ಎದ್ದು ಕೂತಳು. "ಆಗಲಿ ಬಿಡು, ಇವತ್ತು ಅದೇ ಬೇಕು ನಮಗೆ" ಎಂದು ಮತ್ತೆ ಮಲಗಿಸಿದೆ.

ಯಂತ್ರ ಶುರುವಾಯಿತು. ಕಿವಿಗೆ ಹತ್ತಿ ತುರುಕಿಕೊಂಡ ಅಜ್ಜಿ ಒಳಗೆ ನಿಂತು ಮೊಮ್ಮಗಳ ಪಾದ ಹಿಡಿದುಕೊಂಡಿದ್ದರು. ಗಾಜಿನ ಈಚೆ ನಾನೂ ಡಾಕ್ಟರೂ. ಔಷಧಿ ಹೋಯಿತು. ಬಲ ಕಿಡ್ನಿ ಮೊದಲು ಹೊಳೆಯಿತು, ಈ ಸಲ ನಡುವೆ ಕಪ್ಪಿಲ್ಲ. ಎಡಗಡೆಯ ಕೆಳಭಾಗವೂ ಹೊಳೆಯಿತು. ಮೇಲಿನದು ಮಂಕಾಗಿಯೇ ಇತ್ತು. ಮೂರು ನಿಮಿಷ. ಐದು ನಿಮಿಷ. ಡಾಕ್ಟರು ಉಗುರು ಕಚ್ಚುತ್ತಿದ್ದರು. ನಮ್ಮ ಮೊದಲ ಲೆಕ್ಕವೇ ಸರಿಯಾಗಿತ್ತೇ, ಇಷ್ಟೆಲ್ಲ ಅಲೆದಾಟ ಇದಕ್ಕೇ ಆಯಿತೇ ಎಂದು ನನಗೆ ಅನಿಸತೊಡಗಿತು. ಎಂಟನೇ ನಿಮಿಷದ ಹೊತ್ತಿಗೆ ಅದು ನಿಧಾನವಾಗಿ ಬೆಳಗಿತು. ಹದಿನೈದಕ್ಕೆ ಅದರ ನಾಳದೊಳಗೆ ದಾರದಂಥ ಬೆಳ್ಳನೆಯ ಗೆರೆ ಇಳಿಯಿತು.

ಈ ಸಲ ನನ್ನ ಒಬ್ಬಳ ಲೆಕ್ಕವನ್ನು ನಾನೇ ನಂಬಲಿಲ್ಲ. ನಾನು ಗೆರೆ ಎಳೆದು ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಚಿಟ್ಟೆ. ಡಾಕ್ಟರು ಅದನ್ನು ನೋಡದೆ ತಾವೇ ಬೇರೆ ಎಳೆದರು. ಅವರದು ಹನ್ನೊಂದು. ಚೀಟಿ ಬಿಚ್ಚಿದರು. ನನ್ನದು ಹತ್ತು. ಎರಡು ಸಲ ಗೆರೆಗಳನ್ನು ಅಳಿಸಿ ಮತ್ತೆ ಎಳೆದೆವು. ಅದರ ಆಸುಪಾಸಿನಲ್ಲೇ ಬಂತು. ಅಷ್ಟು ಚಿಕ್ಕ ತುಂಡಿಗೆ ಅದು ಕಡಿಮೆಯೇನಲ್ಲ. ಡಾಕ್ಟರು ಸರ್ಜನ್‌ಗೆ ಫೋನಿನಲ್ಲೇ ಓದಿ ಹೇಳಿದರು. ತೆಗೆಯುವುದು ಬೇಡ, ನಾಳವನ್ನು ತಿರುಗಿಸಿ ಸೇರಿಸೋಣ ಎಂದು ಆ ಕಡೆಯಿಂದ ಉತ್ತರ ಬಂತು.

ಕರಾರಿನಂತೆ ಅಜ್ಜಿಯನ್ನೂ ಮಗನನ್ನೂ ಪರದೆಯ ಮುಂದೆ ಕೂರಿಸಿ ತೋರಿಸಿದೆ. "ಇದು ಕೆಲಸ ಮಾಡ್ತಾ ಇದೆ ಅಜ್ಜಿ. ತೆಗೆಯೋ ಹಾಗಿಲ್ಲ. ದಾರಿ ಮಾತ್ರ ಸರಿ ಮಾಡ್ತಾರೆ."

"ತೆಗ್ಯಲ್ವಾ?"

"ಇಲ್ಲ."

"ಮೊದ್ಲು ತೆಗೀತೀನಿ ಅಂದ್ರಿ."

"ಅಂದಿದ್ವಿ."

ಅಜ್ಜಿ ಡಾಕ್ಟರ ಕಡೆ ತಿರುಗಿ, ಸಿಕ್ಕಿಬಿದ್ದವರನ್ನು ನೋಡುವಂತೆ ನೋಡಿದರು. ಡಾಕ್ಟರು ಕನ್ನಡಕ ಒರೆಸತೊಡಗಿದರು. ನಾವು ಕಳ್ಳರೆಂದು ಆಕೆ ತಿಳಿದದ್ದು ತಪ್ಪು. ಆದರೆ ಜೀವವಿರುವ ಒಂದು ತುಂಡನ್ನು ನಾವು ಆ ಮಗುವಿನಿಂದ ತೆಗೆಸಿಬಿಡುವುದರಲ್ಲಿದ್ದೆವು, ಅದನ್ನು ತಡೆದದ್ದು ಆಕೆಯ ಅನುಮಾನವೇ. ಇದನ್ನು ನಾನು ಬಾಯಿ ಬಿಟ್ಟು ಹೇಳಿದೆ. "ನೀವು ಅವತ್ತು ಬೆಂಗಳೂರಿಗೆ ಹೋಗದೆ ಇದ್ದದ್ದು ಒಳ್ಳೇದಾಯ್ತು ಅಜ್ಜಿ."

ಅಜ್ಜಿ ಟವೆಲು ಬಿಚ್ಚಿಸಿ ಮೂಗುಬೊಟ್ಟು, ಕಾಲುಂಗುರ, ಬೀಗದ ಕೈ ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡರು.

ಆಪರೇಷನ್ ಆಯಿತು ಎಂದು ಸರ್ಜನ್ ಕಡೆಯಿಂದ ತಿಳಿಯಿತು. ಆಮೇಲೆ ಏನೂ ಸುದ್ದಿಯಿಲ್ಲ. ನಾಲ್ಕು ತಿಂಗಳು ಕಳೆದಿರಬೇಕು, ಒಂದು ಮಧ್ಯಾಹ್ನ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಬಸ್ಸಿನಲ್ಲಿ ಬಂದಿದ್ದರು. ಚೀಟಿಯಿಲ್ಲ, ಯಾರೂ ಕಳಿಸಿದ್ದಲ್ಲ.

"ಏನಜ್ಜಿ, ಏನಾಯ್ತು?" ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದೆ.

ಅವರು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಎಣಿಸ್ಕೊಡಮ್ಮ. ಆಪ್ರೇಸನ್ ಮಾಡುವಾಗ ನಮ್ಮನ್ನ ಒಳಿಕ್ಕೆ ಬುಡ್ಲಿಲ್ಲ. ಎಲ್ಲಾ ಐತಾ ಅಂತ ನೋಡ್ಬೇಕು."

ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಹುಡುಗಿಯನ್ನು ಅಲ್ಟ್ರಾಸೌಂಡ್ ಹಾಸಿಗೆಯ ಮೇಲೆ ಮಲಗಿಸಿ, ಪರದೆಯನ್ನು ಅಜ್ಜಿಯ ಕಡೆಗೆ ಪೂರ್ತಿ ತಿರುಗಿಸಿದರು. ಬಲಗಡೆಯದು ತೋರಿಸಿದರು. ಎಡಗಡೆ ಕೆಳಗಿನದು ತೋರಿಸಿದರು. ಮೇಲಿನದು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲಿ ಹುಡುಕಬೇಕೆಂದು ಈಗ ಗೊತ್ತಿತ್ತಲ್ಲ, ಸಿಕ್ಕಿತು. ಅಜ್ಜಿ ಪರದೆಗೆ ಬೆರಳು ತಾಗಿಸಿ ಮೂರನ್ನೂ ಎಣಿಸಿದರು. ಮತ್ತೊಂದು ಸಲ ತೋರಿಸಿ ಎಂದರು, ತೋರಿಸಿದರು.

"ಸರಿ, ಐತೆ" ಎಂದು ಮೊಮ್ಮಗಳ ಲಂಗ ಸರಿ ಮಾಡಿ ಇಳಿಸಿಕೊಂಡರು.

ಬಾಗಿಲವರೆಗೆ ಹೋದವರನ್ನು ತಡೆದು ಕೇಳಿದೆ. "ಅಜ್ಜಿ, ನೆನೆಯೋದು?"

"ಅದು ಅವತ್ತೇ ನಿಂತೋಯ್ತಲ್ಲ" ಎಂದರು, ಇದೇನು ಕೇಳುವ ಮಾತೇ ಎನ್ನುವ ಹಾಗೆ. "ಅದ್ಕಲ್ಲ ಕಣಮ್ಮ ನಾನ್ ಬಂದಿದ್ದು."